ಗಾಳಿಯಲ್ಲಿ ನಿಂತ ಅಕ್ಷತೆ

ಮೊದಲು ಕಮಲಾಪುರ

ಟಿಬಿಲಿಸಿಗೆ ಹೊರಡುವ ಮೊದಲು ಕಮಲಾಪುರಕ್ಕೆ ಹೋಗಿಬಂದೆ. ಕಲಬುರಗಿಯಲ್ಲಿ ಹುಮನಾಬಾದ್ ಕಡೆಯ ಬಸ್ಸು ಹತ್ತಿದರೆ ಒಂದು ನಿದ್ದೆಗೂ ಸಾಲದ ದಾರಿ. ಆ ದಿನ ಮಾತ್ರ ಅದು ಜಾರ್ಜಿಯಾ ದೇಶಕ್ಕಿಂತ ದೂರ ಅನ್ನಿಸಿತು. ಕಮಲಾಪುರದಲ್ಲಿ ನನ್ನ ತಮ್ಮ ರಾಘುವಿನ ಬೀಜ-ಗೊಬ್ಬರದ ಅಂಗಡಿ ಇದೆ, ಊರಾಚೆ ಕೆಂಪು ಬಾಳೆಯ ತೋಟವಿದೆ. ಅವನ ಒಬ್ಬಳೇ ಮಗಳು ವೈದೇಹಿ ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ ಅಲ್ಲಿಯವನನ್ನೇ ಮದುವೆಯಾಗುವವಳಿದ್ದಳು. ನಮ್ಮ ಮನೆಯಿಂದ ಹೋಗುವವಳು ನಾನೊಬ್ಬಳೇ.

ರಾಘು ತನ್ನ ಕಾರಣಗಳನ್ನು ಈಗಾಗಲೇ ಹೇಳಿ ಮುಗಿಸಿದ್ದ. ಹುಡುಗನಿಗೆ ಗೋತ್ರವಿಲ್ಲ, ಮಾಂಸ ತಿನ್ನುವ ಮನೆ, ಅವನ ಭಾಷೆ ನಮ್ಮಲ್ಲಿ ಯಾರಿಗೂ ಬಾರದು. ಆ ದಿನ ಅವನು ತಕ್ಕಡಿಯಿಂದ ಕಣ್ಣೆತ್ತದೆ ಇಷ್ಟೇ ಹೇಳಿದ:

"ನನ್ನ ಪಾಲಿಗೆ ಆ ಮದುವಿ ಆಗಂಗಿಲ್ಲ, ಅಕ್ಕಾ. ನೀ ಹೋಗ್ತೀನಿ ಅಂದ್ರ ಹೋಗು. ಬಂದ ಮ್ಯಾಲ ನನ್ನ ಮುಂದ ಏನೂ ಹೇಳಬ್ಯಾಡ."

ಅವನ ಹೆಂಡತಿ ಇಂದಿರಾ ಗಂಡನನ್ನು ಬಿಟ್ಟು ಬರುವವಳಲ್ಲ. ಒಳಗೆ ಕರೆದು, ತಾನೇ ತುಪ್ಪ-ಕುಂಕುಮ ಹಚ್ಚಿ ಕಲಸಿದ ಅಕ್ಷತೆಯ ಗಂಟನ್ನೂ ಒಂದು ಚಿಪ್ಪು ಕೆಂಪು ಬಾಳೆಹಣ್ಣನ್ನೂ ನನ್ನ ಚೀಲದಲ್ಲಿಟ್ಟಳು.

ವೈದೇಹಿ ಐದನೇ ಇಯತ್ತೆಯಿಂದ ಜೇವರ್ಗಿ ಕಾಲೋನಿಯ ನನ್ನ ಮನೆಯಲ್ಲಿದ್ದು ಓದಿದವಳು. ನಾನು ನಿವೃತ್ತಳಾಗುವ ತನಕ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದೆ, ಮದುವೆಯಾಗಲಿಲ್ಲ. ನನ್ನ ಗಂಟೆಗೆ ಎದ್ದು, ನನ್ನ ಗಂಟೆಗೆ ಉಂಡು ಬೆಳೆದ ಈ ಹುಡುಗಿ ಮುಂದೆ ಹೈದರಾಬಾದಿನಲ್ಲಿ ಸಿನಿಮಾ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದುವ ಕೆಲಸ ಕಲಿತಳು. ಈಗ ಕಾಲವನ್ನು ನಿಲ್ಲಿಸುವುದು ಅವಳ ಉದ್ಯೋಗ. ಹಾಗೆಂದು ಅವಳೇ ಹೇಳಿದ್ದು. ಏನೆಂದು ನನಗೆ ತಿಳಿದಿರಲಿಲ್ಲ, ಕೇಳುವುದಕ್ಕೂ ಸಂಕೋಚ.

ಫೋನಿನಲ್ಲಿ ಅವಳು ಒಂದೇ ಒಂದು ಮಾತು ಬೇಡಿದ್ದಳು. "ಅಪ್ಪ ಬರೂದಿಲ್ಲ, ಗೊತ್ತದ. ಮದುವಿ ಚಿತ್ರ ಮಾಡಿ ಕೊಡ್ತೀನಿ ಅತ್ಯಾ. ಒಮ್ಮೆ ನೋಡೂ ಹಂಗ ಮಾಡು. ಒಮ್ಮೆ ಸಾಕು."

ನಾನು ಹೂಂ ಅಂದುಬಿಟ್ಟೆ.

ಟಿಬಿಲಿಸಿ: ಲಿಫ್ಟು

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ಚೀಲ ಬಿಚ್ಚಿಸಿದ. ಅಕ್ಷತೆಯ ಗಂಟನ್ನು ಮೂಸಿದ, ಅಂಗೈ ಮೇಲೆ ನಾಲ್ಕು ಕಾಳು ಇಟ್ಟುಕೊಂಡು ದೀಪಕ್ಕೆ ಹಿಡಿದ. ಇದು ಅಡುಗೆಗಲ್ಲ, ತಲೆಯ ಮೇಲೆ ಹಾಕುವುದಕ್ಕೆ ಎಂದು ನಾನು ಅಭಿನಯಿಸಿ ತೋರಿಸಿದೆ. ಅವನು ಗಂಭೀರನಾಗಿ ತಲೆದೂಗಿ ಗಂಟನ್ನು ಹಿಂದಕ್ಕೆ ಕೊಟ್ಟ, ಬಾಳೆಹಣ್ಣು ಇಟ್ಟುಕೊಂಡ. ಬಾಳೆಹಣ್ಣಿಗೆ ಕೆಂಪು ಬಣ್ಣ ಯಾಕಿದೆ ಎಂದು ಮೂವರು ಸೇರಿ ಚರ್ಚಿಸುತ್ತಿದ್ದುದನ್ನು ನೋಡುತ್ತ ಹೊರಬಂದೆ.

ಹೊರಗೆ ವೈದೇಹಿ, ಪಕ್ಕದಲ್ಲಿ ಮದುಮಗ ಗಿಯೋರ್ಗಿ. ಉದ್ದನೆಯ ಹುಡುಗ. ಕಾಲಿಗೆ ಬೀಳುವುದನ್ನು ಯಾರೋ ಕಲಿಸಿದ್ದರು. ಒಂದೇ ಕಾಲನ್ನು ಮುಟ್ಟಿ ಎದ್ದ. ಇನ್ನೊಂದನ್ನು ನಾನಾಗಿ ಮುಂದಿಡಬೇಕೋ ಬೇಡವೋ ತೋಚಲಿಲ್ಲ.

ಟ್ಯಾಕ್ಸಿಯವನು ದಾರಿಯಲ್ಲಿ ಚರ್ಚು ಕಂಡಾಗಲೆಲ್ಲ ಸ್ಟೇರಿಂಗ್ ಬಿಟ್ಟು ಮೂರು ಸಲ ಎದೆಯ ಮೇಲೆ ಶಿಲುಬೆಯ ಗುರುತು ಮಾಡುತ್ತಿದ್ದ. ನಮ್ಮ ಆಟೋದವರೂ ಗುಡಿ ಬಂದರೆ ಎದೆ ಮುಟ್ಟಿಕೊಳ್ಳುತ್ತಾರೆ, ಆದರೆ ಇನ್ನೊಂದು ಕೈ ಹ್ಯಾಂಡಲಿನ ಮೇಲೆ ಇರುತ್ತದೆ. ಟಿಬಿಲಿಸಿಯಲ್ಲಿ ಚರ್ಚುಗಳು ಬಹಳ. ನಾನು ಕಣ್ಣು ಮುಚ್ಚಿಕೊಂಡು ರಾಯರನ್ನು ನೆನೆದೆ.

ಗಿಯೋರ್ಗಿಯ ಮನೆ ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿ. ಮರುದಿನ ಬೆಳಿಗ್ಗೆ ಎಂದಿನಂತೆ ಐದಕ್ಕೆ ಎದ್ದು ಸುತ್ತಾಡಿ ಬಂದೆ. ಲಿಫ್ಟಿನ ಗುಂಡಿ ಒತ್ತಿದರೆ ಅದು ಏಳಲಿಲ್ಲ. ಗೋಡೆಗೆ ಒಂದು ಸಣ್ಣ ಪೆಟ್ಟಿಗೆ. ಅದರಲ್ಲಿ ನಾಣ್ಯ ಹಾಕಿದರೆ ಮಾತ್ರ ಲಿಫ್ಟು ಮೇಲಕ್ಕೆ ಹೋಗುವುದಂತೆ. ಇದು ಗೊತ್ತಾದದ್ದು ಆಮೇಲೆ. ನಾನು ಒಳಗೆ ನಿಂತು, ಕೆಟ್ಟಿದೆ ಎಂದು ಹೊರಬಂದು, ಮತ್ತೆ ಒಳಹೋಗಿ, ಕಡೆಗೆ ಮೆಟ್ಟಿಲು ಹತ್ತಿದೆ. ಏದುಸಿರು ಬಿಡುತ್ತ ಬಂದವಳನ್ನು ಗಿಯೋರ್ಗಿಯ ತಾಯಿ ಮರೀನಾ ಬಾಗಿಲಲ್ಲೇ ಹಿಡಿದು ಕೂರಿಸಿದರು. ಅವರಿಗೆ ತಮ್ಮ ಭಾಷೆ ಬಿಟ್ಟರೆ ಬೇರೆ ಬಾರದು. ನನ್ನ ಕೈಯಲ್ಲಿ ಒಂದು ಹಿಡಿ ಚಿಲ್ಲರೆ ಇಟ್ಟು ಬೆರಳು ಮಡಚಿದರು. ನಾನು ದಾನ ತೆಗೆದುಕೊಳ್ಳುವುದಿಲ್ಲವೆಂದು ಹಿಂದಕ್ಕೆ ಕೊಟ್ಟೆ. ಅವರು ಮತ್ತೆ ಇಟ್ಟರು. ವೈದೇಹಿ ಎದ್ದು ಬಂದು ಬಿಡಿಸುವವರೆಗೆ ಇದೇ ನಡೆಯಿತು.

ಪೇಟೆ ಮತ್ತು ಊಟ

ಪೇಟೆಯಲ್ಲಿ ಸಾಲುಸಾಲಾಗಿ ಏನೋ ಕಂದು ಬಣ್ಣದ ಗಂಟುಗಂಟಾದ ದಾರಗಳು ನೇತಾಡುತ್ತಿದ್ದವು. ಕರುಳಿನಲ್ಲಿ ಮಾಂಸ ತುಂಬಿದ್ದೆಂದು ತಿಳಿದು ಸೆರಗನ್ನು ಮೂಗಿಗಿಟ್ಟು ಬೇಗ ಬೇಗ ದಾಟಿದೆ. ಮರೀನಾ ಒಂದನ್ನು ಕೊಂಡು ಮುರಿದು ನನ್ನ ಬಾಯಿಯ ಹತ್ತಿರ ತಂದರು. ನಾನು ಹಿಂದೆ ಸರಿದೆ, ಅವರು ಮುಂದೆ ಬಂದರು. ಅಕ್ರೋಟನ್ನು ದಾರಕ್ಕೆ ಪೋಣಿಸಿ, ಕುದಿಸಿದ ದ್ರಾಕ್ಷಿರಸದಲ್ಲಿ ಅದ್ದಿ ಒಣಗಿಸಿದ್ದು ಅಷ್ಟೇ. ನಮ್ಮ ಅಂಟಿನುಂಡಿಗೆ ಹತ್ತಿರದ ರುಚಿ. ನಾಚಿಕೆಗೆ ಎರಡು ತುಂಡು ಹೆಚ್ಚೇ ತಿಂದೆ.

ಊಟದ ಪದ್ಧತಿ ಮಾತ್ರ ನನಗೆ ಕೊನೆಗೂ ತಿಳಿಯಲಿಲ್ಲ. ನಾನು ಏಳಕ್ಕೆ ಉಂಡು ಒಂಬತ್ತಕ್ಕೆ ಮಲಗುವವಳು. ಅಲ್ಲಿ ಒಂಬತ್ತಕ್ಕೆ ಎಲ್ಲರೂ ಕೂತರು. ಕೂತ ಮೇಲೆ ಹಿರಿಯನೊಬ್ಬ ಎದ್ದು ಲೋಟ ಹಿಡಿದು ಮಾತಾಡುತ್ತಾನೆ. ಆ ಮಾತು ಮುಗಿಯದೆ ಯಾರೂ ಲೋಟವನ್ನು ತುಟಿಗೆ ತರಬಾರದು. ಆ ರಾತ್ರಿ ಮಾತಾಡಿದವರು ಗಿಯೋರ್ಗಿಯ ತಂದೆ. ತಂದೆಗೆ ಅಲ್ಲಿ 'ಮಾಮಾ' ಎನ್ನುತ್ತಾರೆ. ಗಿಯೋರ್ಗಿ ಅವರನ್ನು ಹಾಗೆ ಕರೆದಾಗಲೆಲ್ಲ ಇವರು ತಂದೆಯೋ ಸೋದರಮಾವನೋ ಎಂದು ಮೊದಲಿಂದ ಲೆಕ್ಕ ಹಾಕುತ್ತಿದ್ದೆ. ದೇಶಕ್ಕಾಗಿ, ತೀರಿಕೊಂಡವರಿಗಾಗಿ, ತಾಯಂದಿರಿಗಾಗಿ ಲೋಟಗಳು ಎದ್ದವು. ನನ್ನ ಲೋಟದಲ್ಲಿ ಮರಸೇಬಿನ ಹಳದಿ ಷರಬತ್ತು.

ಆಮೇಲೆ ಅವರು ಮೇಜಿನ ತುದಿಯಲ್ಲಿದ್ದ ಖಾಲಿ ಕುರ್ಚಿಯ ಕಡೆ ತಿರುಗಿದರು. ಅದರ ಮುಂದೆಯೂ ತಟ್ಟೆ ಇಟ್ಟಿತ್ತು, ಲೋಟ ತುಂಬಿತ್ತು. ವೈದೇಹಿ ತಗ್ಗಿದ ದನಿಯಲ್ಲಿ ನನಗೆ ಕನ್ನಡದಲ್ಲಿ ಹೇಳಿದಳು: ಅವರು ಮದುಮಗಳ ತಂದೆಯೊಂದಿಗೆ ಮಾತಾಡುತ್ತಿದ್ದಾರೆ. ನಿಮ್ಮ ತೋಟ ಹೇಗಿದೆ, ಪ್ರಯಾಣ ಸುಖವಾಯಿತೇ, ನಿಮ್ಮ ಮಗಳು ನಮ್ಮಲ್ಲಿ ನಗುತ್ತಿರುತ್ತಾಳೆ ಎನ್ನುತ್ತಿದ್ದಾರೆ. ಎಲ್ಲರೂ ಎದ್ದು ಆ ಕುರ್ಚಿಗೆ ಲೋಟ ಎತ್ತಿದರು. ನಾನೂ ಎದ್ದೆ. ಸಂತೋಷ ಪಡಬೇಕೋ, ತಲೆ ತಗ್ಗಿಸಬೇಕೋ? ಷರಬತ್ತನ್ನು ಒಂದೇ ಗುಟುಕಿಗೆ ಕುಡಿದು ಕೂತೆ.

ಸ್ಟುಡಿಯೋ: ಓರೆಯಾದ ಕಾಲುಗಳು

ವೈದೇಹಿ ಮತ್ತು ಗಿಯೋರ್ಗಿ ಕೆಲಸ ಮಾಡುವ ಸ್ಟುಡಿಯೋ ಹಿಂದೆ ನೂಲಿನ ಗಿರಣಿಯಾಗಿತ್ತಂತೆ. ಮದುವೆಯೂ ಅಲ್ಲೇ. ದೊಡ್ಡ ಕೋಣೆಯ ನಡುವೆ ಜಾಗ ಬಿಟ್ಟು ಸುತ್ತಲೂ ವೃತ್ತಾಕಾರವಾಗಿ ಮುಕ್ಕಾಲಿಗಳು. ಒಂದೊಂದರ ಮೇಲೂ ಒಂದೊಂದು ಕ್ಯಾಮೆರಾ. ನೆಲದ ತುಂಬ ತಂತಿ.

ಮದುವೆಯ ಹಿಂದಿನ ದಿನ ಎಲ್ಲರಿಗಿಂತ ಮುಂಚೆ ಹೋದವಳು ನಾನು. ಕಾವಲಿನವನು ಬಾಗಿಲು ತೆರೆದ. ನೆಲ ಗುಡಿಸಿದೆ. ಮದುವೆಯಾಗುವ ಜಾಗ, ಆದರೆ ಮುಕ್ಕಾಲಿಗಳು ಒಂದು ಹಾಗೆ ಒಂದು ಹೀಗೆ ಓರೆಯಾಗಿ ನಿಂತಿದ್ದವು. ಕ್ಯಾಮೆರಾಗಳೂ ಒಂದೊಂದು ಕಡೆ ವಾಲಿದ್ದವು. ಹಾಸ್ಟೆಲಿನಲ್ಲಿ ಮಂಚಗಳ ಸಾಲು ಸೊಟ್ಟಗಿದ್ದರೆ ನನಗೆ ಉಸಿರು ಹಿಡಿಯುತ್ತಿತ್ತು. ಒಂದೊಂದಾಗಿ ನೆಟ್ಟಗೆ ಮಾಡುತ್ತ ಬಂದೆ. ಅರ್ಧ ಸುತ್ತು ಮುಗಿದಿತ್ತು.

ಗಿಯೋರ್ಗಿ ಬಾಗಿಲಲ್ಲಿ ನಿಂತ. ಬೈಯಲಿಲ್ಲ. ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡು ನೆಲಕ್ಕೆ ಕುಳಿತ.

"ಏನು ಮಾಡ್ದಿ ಅತ್ಯಾ?" ಎಂದು ವೈದೇಹಿ ಓಡಿ ಬಂದಳು. "ಅವು ಸೊಟ್ಟ ಇರ್ಲಿಲ್ಲ. ಎಲ್ಲಾ ಒಂದೇ ಬಿಂದು ನೋಡ್ಲಿಕತ್ತಿದ್ವು."

ಆಗ ನನಗೆ ಮೊದಲ ಸಲ ವಿವರಿಸಿ ಹೇಳಿದಳು. ಸಿನಿಮಾದಲ್ಲಿ ಹಾರಿದ ಮನುಷ್ಯ ಗಾಳಿಯಲ್ಲೇ ನಿಂತುಬಿಡುತ್ತಾನೆ, ನಮ್ಮ ಕಣ್ಣು ಮಾತ್ರ ಅವನ ಸುತ್ತ ತಿರುಗುತ್ತದೆ, ನೋಡಿರಬೇಕಲ್ಲ? ನಿಜವಾಗಿ ಯಾವ ಕ್ಯಾಮೆರಾವೂ ತಿರುಗುವುದಿಲ್ಲ. ಸುತ್ತಲೂ ನಿಂತ ಎಲ್ಲವೂ ಒಂದೇ ಕ್ಷಣದಲ್ಲಿ ಒಂದೊಂದು ಫೋಟೋ ತೆಗೆಯುತ್ತವೆ. ಆ ಫೋಟೋಗಳನ್ನು ಸಾಲಾಗಿ ಜೋಡಿಸಿದರೆ ಕ್ಷಣ ನಿಂತಿರುತ್ತದೆ, ನೋಡುವವನು ಸುತ್ತು ಹಾಕುತ್ತಾನೆ. ಎರಡು ಕ್ಯಾಮೆರಾಗಳ ನಡುವಿನ ಅಂತರವನ್ನು ಕಂಪ್ಯೂಟರು ತಾನೇ ಊಹಿಸಿ ತುಂಬುತ್ತದೆ. ಆದರೆ ಎಲ್ಲವೂ ನಟ್ಟನಡುವಿನ ಒಂದೇ ಬಿಂದುವಿಗೆ ಗುರಿಯಿಟ್ಟಿರಬೇಕು. ಒಂದು ಅಲುಗಿದರೂ ಆ ಜಾಗದಲ್ಲಿ ಚಿತ್ರ ಎಗರುತ್ತದೆ. ಬರಲಾಗದವರೂ ಮಂಟಪದ ಸುತ್ತ ಓಡಾಡಿ ನೋಡಲಿ ಎಂಬುದು ಗಿಯೋರ್ಗಿಯ ಯೋಚನೆ. ಅಂತರಪಟ ಸರಿದು ಅಕ್ಷತೆ ಮೇಲೆ ಹಾರಿದ ಕ್ಷಣ ಬೇಕು. ಅಷ್ಟು ಜನರ ಅಕ್ಷತೆ ಒಟ್ಟಿಗೆ ಹಾರಬೇಕು.

ಮಧ್ಯಾಹ್ನದ ತನಕ ಗಿಯೋರ್ಗಿ ಮತ್ತೆ ಗುರಿಯಿಟ್ಟ. ನಡುವೆ ಒಂದು ಕೋಲು, ಅದರ ತುದಿಗೆ ಚೆಂಡು; ಪ್ರತಿ ಕ್ಯಾಮೆರಾವೂ ಚೆಂಡನ್ನು ನೋಡಬೇಕು. ಕೋಲನ್ನು ಹಿಡಿದು ನಿಂತವಳು ನಾನು. ಪ್ರಾಯಶ್ಚಿತ್ತ ಎಂದುಕೊಂಡೆ.

ಪರೀಕ್ಷೆಗೆಂದು ಒಮ್ಮೆ ನನ್ನನ್ನೇ ನಡುವೆ ನಿಲ್ಲಿಸಿ, ಬಟ್ಟಲಿನ ನೀರನ್ನು ಎರಚಲು ಹೇಳಿದರು. ಎರಚಿದೆ. ಎಲ್ಲ ಕಡೆಯಿಂದ ಒಟ್ಟಿಗೆ ಟಪ್ ಎಂದಿತು, ದೊಡ್ಡ ಬಾಗಿಲಿಗೆ ಅಗುಳಿ ಬಿದ್ದಂತೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ನೀರು ಗಾಜಿನ ಬಳ್ಳಿಯಂತೆ ನಿಂತಿತ್ತು. ಚಿತ್ರ ತಿರುಗಿ ತಿರುಗಿ ನನ್ನ ಹಿಂದಕ್ಕೆ ಹೋಯಿತು. ಅಲ್ಲೊಬ್ಬ ಮುದುಕಿ, ಬಾಗಿದ ಬೆನ್ನು, ಸಡಿಲಾದ ತುರುಬು. ಯಾರಿವಳು ಎಂದು ಕೇಳುವಷ್ಟರಲ್ಲಿ ಸೀರೆಯ ಗುರುತು ಹತ್ತಿತು.

"ನೀರು ಆಮ್ಯಾಲ ಕೆಳಗ ಬೀಳ್ತದಲ್ಲ?" ಎಂದೆ.

"ಇದರಾಗ ಆಮ್ಯಾಲ ಅನ್ನೂದ ಇಲ್ಲ ಅತ್ಯಾ."

ಈ ಮಾತು ನನ್ನ ತಲೆಯಲ್ಲಿ ಇಳಿಯಲಿಲ್ಲ. ಈಗಲೂ ಪೂರ್ತಿ ಇಳಿದಿಲ್ಲ.

ಮದುವೆ

ಮುಹೂರ್ತವನ್ನು ಕಲಬುರಗಿಯ ಆಚಾರ್ಯರು ಅಲ್ಲಿಯ ಪಂಚಾಂಗದಿಂದ ತೆಗೆದಿದ್ದರು. ಅದನ್ನು ಟಿಬಿಲಿಸಿಯ ಗಡಿಯಾರಕ್ಕೆ ಹೊಂದಿಸಬೇಕೋ, ಇಲ್ಲಿಯ ಸೂರ್ಯನನ್ನು ನೋಡಿ ಬೇರೆ ತೆಗೆಯಬೇಕೋ ಎಂದು ಕೇಳಿದರೆ ಆಚಾರ್ಯರು ಒಮ್ಮೆ ಹಾಗೆಂದರು, ಒಮ್ಮೆ ಹೀಗೆಂದರು. ಅವರು ಫೋನಿನ ವಿಡಿಯೊ ಕರೆಯಲ್ಲೇ ಮಂತ್ರ ಹೇಳುವುದೆಂದು ನಿಶ್ಚಯವಾಗಿತ್ತು. ಫೋನನ್ನು ಒಂದು ಕಂಬಕ್ಕೆ ಕಟ್ಟಿದ್ದರು.

ಗಿಯೋರ್ಗಿಯ ಗೆಳೆಯರಿಬ್ಬರು ಅಂತರಪಟ ಹಿಡಿದರು. ವೈದೇಹಿ ಇಳಕಲ್ ಸೀರೆಯಲ್ಲಿ ಒಂದು ಕಡೆ, ಗಿಯೋರ್ಗಿ ಧೋತರದಲ್ಲಿ ಇನ್ನೊಂದು ಕಡೆ. ಕ್ಯಾಮೆರಾಗಳಿಗೆ ಅಡ್ಡ ಬರದಂತೆ ನೆಂಟರು ಮುಕ್ಕಾಲಿಗಳ ನಡುನಡುವೆ ನಿಂತರು. ಇಂದಿರಾ ಕಳಿಸಿದ ಅಕ್ಷತೆಯನ್ನು ಎಲ್ಲರ ಕೈಗೂ ತುಂಬಿ ಕೊಟ್ಟೆ. ನನ್ನ ಬಟ್ಟಲಲ್ಲಿ ಒಂದಷ್ಟು ಉಳಿಯಿತು. ಯಾವಾಗ ಎರಚಬೇಕೆಂದು ಅವರು ಕೇಳಿದ್ದರು. ಅಂತರಪಟ ಸರಿದಾಗ ಅತ್ಯಾ ಎರಚುತ್ತಾಳೆ, ಅವಳನ್ನು ನೋಡಿ ನೀವೂ ಎರಚಿ ಎಂದು ವೈದೇಹಿ ಹೇಳಿಟ್ಟಿದ್ದಳು. ನನಗೂ ಹತ್ತು ಸಲ ಹೇಳಿದ್ದಳು.

ಆಚಾರ್ಯರು ಮಂಗಳಾಷ್ಟಕ ಶುರು ಮಾಡಿ ಮೊದಲ ಸಾಲಿನಲ್ಲೇ ನಿಂತರು. ನೆಟ್‌ವರ್ಕ್ ಹೋಗಿತ್ತು. ಬಾಯಿ ತೆರೆದು, ಒಂದು ಕೈ ಎತ್ತಿ ಹಾಗೆಯೇ ನಿಂತರು. ಇಷ್ಟು ಸುಲಭವಾಗಿ ನಿಲ್ಲುವುದಾದರೆ ಇಷ್ಟೊಂದು ಕ್ಯಾಮೆರಾ ಯಾಕೆ ಎಂದುಕೊಂಡೆ. ಮುಹೂರ್ತ ಮೀರುತ್ತಿತ್ತು. ಮಂಗಳಾಷ್ಟಕ ನಮ್ಮ ಮನೆಗಳ ಹೆಂಗಸರಿಗೆ ಬಾಯಿಪಾಠ. ನಾನೇ ಹಾಡಿದೆ.

ಮೊದಲ ಶ್ಲೋಕ ಮುಗಿಯಿತು. ನನ್ನ ಕೈ ಒಂದು ಚಿಟಿಕೆ ಅಕ್ಷತೆಯನ್ನು ಎರಚಿತು.

ನಮ್ಮಲ್ಲಿ ಪ್ರತಿ ಶ್ಲೋಕಕ್ಕೂ ಚಿಟಿಕೆ ಚಿಟಿಕೆ ಎರಚುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದು, ಮಾಡಿದ್ದು ಅದೇ. ಕೈ ನನ್ನನ್ನು ಕೇಳಲಿಲ್ಲ. ಆದರೆ ನನ್ನನ್ನೇ ನೋಡುತ್ತ ನಿಂತಿದ್ದವರು ಎರಡೂ ಕೈಯಿಂದ ಇದ್ದದ್ದೆಲ್ಲವನ್ನೂ ಎರಚಿಬಿಟ್ಟರು. ಅಂತರಪಟ ಇನ್ನೂ ಮೇಲಿತ್ತು. ಕ್ಯಾಮೆರಾದ ಗುಂಡಿ ಹಿಡಿದವನು ಒತ್ತಲಿಲ್ಲ. ನನ್ನ ಬಟ್ಟಲಲ್ಲಿ ಉಳಿದದ್ದು ಬಿಟ್ಟರೆ ಇಂದಿರಾಳ ಅಕ್ಷತೆಯೆಲ್ಲ ನೆಲದ ಮೇಲೆ ಬಿದ್ದಿತ್ತು.

ಮಂಗಳಾಷ್ಟಕವನ್ನು ನಡುವೆ ನಿಲ್ಲಿಸುವ ಹಾಗಿಲ್ಲ. ಎರಡನೆಯ ಶ್ಲೋಕ ಹಾಡುತ್ತಲೇ ಬಟ್ಟಲು ಹಿಡಿದು ವೃತ್ತದ ಹೊರಗೆ ಸುತ್ತು ಹೊರಟೆ. ಮುಕ್ಕಾಲಿ ತಾಕದಂತೆ ನೋಡಿಕೊಂಡು ಒಬ್ಬೊಬ್ಬರ ಅಂಗೈಗೆ ನಾಲ್ಕಾರು ಕಾಳು. ಮರೀನಾ ನೆಲದಿಂದ ಆಯಲು ಬಗ್ಗಿದರು. ಮುಂಗೈ ಹಿಡಿದು ತಡೆದೆ. ಬಿದ್ದ ಅಕ್ಷತೆಯನ್ನು ಮತ್ತೆ ತಲೆಗೆ ಹಾಕುವುದಿಲ್ಲ ಎಂಬುದನ್ನು ಹಾಡುತ್ತ ಹೇಗೆ ಹೇಳುವುದು? ತಲೆಯಾಡಿಸಿದೆ. ಅಷ್ಟರಲ್ಲಿ ಗಿಯೋರ್ಗಿಯ ತಂದೆ ನನ್ನ ಶ್ರುತಿ ಹಿಡಿದು ಗಂಟಲಲ್ಲೇ ಊಂ ಎಂದು ಎಳೆಯತೊಡಗಿದರು. ಉಳಿದ ಗಂಡಸರೂ ಕೂಡಿಕೊಂಡರು. ಆ ದೇಶದವರು ಹಾಡಿಗೆ ಹೀಗೆ ತಳಸ್ವರ ಕೊಡುತ್ತಾರಂತೆ. ತಂಬೂರಿ ಇಟ್ಟುಕೊಂಡು ಹಾಡಿದಂತಾಯಿತು. ಅಂತರಪಟದ ಹಿಂದೆ ವೈದೇಹಿಯ ಭುಜ ಅಲುಗುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ, ನಾನು ನಿಂತ ಕಡೆಯಿಂದ ಕಾಣಲಿಲ್ಲ.

ಎಂಟನೆಯದು ಮುಗಿಯಿತು, ಅಂತರಪಟ ಸರಿಯಿತು, ನಾನು ಕೈ ಎತ್ತಿದೆ. ಎಲ್ಲರೂ ಎರಚಿದರು. ಟಪ್.

ಬಟ್ಟಲು ಖಾಲಿಯಾಗಿತ್ತು. ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಹೊರಡುವ ಹಿಂದಿನ ದಿನ ಚಿತ್ರ ಸಿದ್ಧವಾಯಿತು. ಎದುರು ಬದಿಯ ಕ್ಯಾಮೆರಾಗಳನ್ನೂ ನೆಲದ ತಂತಿಗಳನ್ನೂ ವೈದೇಹಿ ಕಂಪ್ಯೂಟರಿನಲ್ಲಿ ಅಳಿಸಿದ್ದಳು. ತಂತಿಯ ಜೊತೆ ನೆಲದ ಮೇಲಿದ್ದ ಅಕ್ಷತೆಯೂ ಅಳಿಸಿಹೋಗಿತ್ತು. ಚೊಕ್ಕಟ ನೆಲ. ಮೇಲೆ, ಇಬ್ಬರ ತಲೆಗಳಿಗಿಂತ ಒಂದು ಗೇಣು ಎತ್ತರದಲ್ಲಿ ಬಿಡಿಬಿಡಿಯಾಗಿ ನಿಂತ ಕೆಂಪು ಕಾಳುಗಳು. ಫೋನಿನಲ್ಲಿ ಬೆರಳಿನಿಂದ ಎಳೆದರೆ ಸುತ್ತ ತಿರುಗಬಹುದು. ತುಂಬಿದ ಮಳೆಯಂತೆ ಇರಬೇಕಾಗಿತ್ತು ಎಂದು ಗಿಯೋರ್ಗಿ ಹೇಳಿದನಂತೆ. ವೈದೇಹಿ ಅದನ್ನು ನನ್ನ ಫೋನಿಗೆ ಹಾಕಿಕೊಟ್ಟಳು. ಅಪ್ಪ ನೋಡ್ತಾನಲ್ಲ ಅತ್ಯಾ, ಎಂದಳು.

ಮತ್ತೆ ಕಮಲಾಪುರ

ಸಂತೆಯ ದಿನವೇ ಹೋದೆ. ರಸ್ತೆಯ ಬದಿಗೆ ಕೆಂಪು ಬಾಳೆಯ ಗೊನೆಗಳು, ಬಸ್ಸುಗಳ ಹಾರ್ನು. ಅಂಗಡಿಯಲ್ಲಿ ರಾಘು ರೈತರೊಬ್ಬರಿಗೆ ಬೀಜದ ಪೊಟ್ಟಣ ಕಟ್ಟುತ್ತಿದ್ದ. ಏನೂ ಹೇಳಬೇಡ ಎಂದಿದ್ದನಲ್ಲ, ನಾನು ಹೇಳಲಿಲ್ಲ. ಇಂದಿರಾಳನ್ನು ಅಂಗಡಿಗೇ ಕರೆಸಿ, ಅವನ ಗಲ್ಲಾಪೆಟ್ಟಿಗೆಯ ಪಕ್ಕದ ಬೆಂಚಿನ ಮೇಲೆ ಕೂರಿಸಿ ಫೋನು ಕೊಟ್ಟೆ. ಅವಳು ಬೆರಳಿಟ್ಟು ತಿರುಗಿಸಿದಳು. ಬಲಕ್ಕೆ ತಿರುಗಿಸಿ ಮಗಳ ಮುಖ ನೋಡಿದಳು, ಎಡಕ್ಕೆ ತಿರುಗಿಸಿ ಮತ್ತೆ ಮುಖಕ್ಕೇ ಬಂದಳು.

ರೈತ ಹೋದ ಮೇಲೂ ರಾಘು ದಾರ ಸುತ್ತುತ್ತಲೇ ಇದ್ದ. ಆಮೇಲೆ ಕನ್ನಡಕ ಹಾಕಿಕೊಂಡು ಹೆಂಡತಿಯ ಭುಜದ ಮೇಲಿಂದ ಬಗ್ಗಿದ.

"ನಿಂತದಲ್ಲ ಇದು. ಕೆಟ್ಟದೇನು?"

"ಕೆಟ್ಟಿಲ್ಲ. ಹಂಗೇ ಇರ್ತದ" ಎಂದೆ.

ಫೋನನ್ನು ತಾನೇ ತೆಗೆದುಕೊಂಡ. ನಿಧಾನ ತಿರುಗಿಸಿದ. ಗಿಯೋರ್ಗಿಯ ಮುಖ ಬಂದಾಗ ಬೇಗ ದಾಟಿಸಿದ, ಮತ್ತೆ ಹಿಂದಕ್ಕೆ ತಂದು ನೋಡಿದ. ಮಗಳ ಬೆನ್ನ ಹಿಂದೆ ಹೋದಾಗ ಅಲ್ಲಿ ನಾನು ಕಂಡೆ, ಕೈ ಎತ್ತಿ ನಿಂತವಳು. ಅವನ ಬೆರಳು ಅಲ್ಲಿಯೇ ತಡೆಯಿತು.

"ನಿನ್ನ ಕೈಯಾಗ ಅಕ್ಕಿ ಇಲ್ಲಲ್ಲ ಅಕ್ಕಾ."

"ಇಲ್ಲ. ಅವರಿಗೆಲ್ಲಾ ಹಂಚಿದೆ. ಮುಗಿದವು."

"ಅಂದ್ರ ಇವೆಲ್ಲಾ ಅವರು ಹಾಕಿದ್ದು. ನಮ್ಮ ಕಡಿಂದ?"

ಮೊದಲ ಶ್ಲೋಕಕ್ಕೆ ನಾನು ಎರಚಿದ ಚಿಟಿಕೆಯ ವಿಷಯ ನಾಲಿಗೆಯ ತುದಿಗೆ ಬಂತು. ಹೇಳುವುದು ಸರಿಯೋ, ಹೇಳದಿರುವುದು ಸರಿಯೋ? ಹಾಸ್ಟೆಲಿನಲ್ಲಿ ಯಾವ ಹುಡುಗಿಯಾದರೂ ಹೀಗೆ ಅರ್ಧ ಹೇಳಿ ನಿಲ್ಲಿಸಿದ್ದರೆ ನಾನು ಬಿಡುತ್ತಿರಲಿಲ್ಲ.

"ಇಲ್ಲ" ಎಂದೆ.

"ಮತ್ತ ಇವೂ ಇನ್ನ ಬಿದ್ದಿಲ್ಲ" ಎಂದು ಅವನು ಪರದೆಯ ಮೇಲಿನ ಕಾಳುಗಳಿಗೆ ಬೆರಳಿಟ್ಟ. ಚಿತ್ರ ಸ್ವಲ್ಪ ಸರಿಯಿತು, ಕಾಳುಗಳು ಅಲ್ಲೇ ಇದ್ದವು. ಇನ್ನೊಂದು ಸುತ್ತು ತಿರುಗಿಸಿದ. ಅಂಗಡಿಯ ಮುಂದೆ ಯಾರೋ ರೀ ಸಾಹುಕಾರರೇ ಎಂದು ಕರೆದರು. ಅವನು ತಲೆ ಎತ್ತಲಿಲ್ಲ.

"ಅಲ್ಲಿ ಈಗ ಹೊತ್ತು ಎಷ್ಟಾಗಿರ್ತದ?"

ನಮಗಿಂತ ಹಿಂದೆ, ಇನ್ನೂ ಬೆಳಿಗ್ಗೆ ಎಂದೆ. ಹಚ್ಚಿ ಕೊಡು ಎಂದು ಫೋನನ್ನು ನನ್ನ ಕಡೆ ಚಾಚಿದ. ಹಚ್ಚಿ ಕೊಟ್ಟೆ. ಆ ಕಡೆ ವೈದೇಹಿ ಅತ್ಯಾ ಅಂದಳು, ಮತ್ತೆ ಅತ್ಯಾ ಅಂದಳು. ಇವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಇಂದಿರಾ ಬೆಂಚಿನಿಂದ ಎದ್ದು ನಿಂತಳು.

"ನಾನವ್ವಾ" ಎಂದ ಕಡೆಗೆ. "ಅಕ್ಕಿ ಮ್ಯಾಲೇ ನಿಂತಾವಲ್ಲ. ನಮ್ಮವು ಹಾಕೂದೂ ಬಾಕಿ ಅದ. ಇಬ್ಬರೂ ಬಂದು ಹೋಗ್ರಿ."